ಕೊಳಚೆ ನೀರಿನ ಮಿತಿ: ಹುಬ್ಬಳ್ಳಿ-ಧಾರವಾಡದ ಲೆಕ್ಕ

ಶುದ್ಧೀಕರಿಸಿದ ಕೊಳಚೆ ನೀರು ಹಳ್ಳಕ್ಕೋ ನದಿಗೋ ಸೇರುವ ಹೊತ್ತಿಗೆ ಎಷ್ಟು ಶುದ್ಧವಾಗಿರಬೇಕು ಎಂಬುದನ್ನು ಕಾನೂನು ಅಂಕಿಗಳಲ್ಲಿ ಹೇಳುತ್ತದೆ. ಆ ಅಂಕಿಗಳನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರ. ಅವು ಪಾಲನೆಯಾಗುತ್ತಿವೆಯೇ ಎಂದು ನೋಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಘಟಕವನ್ನು ಕಟ್ಟಿಸುವುದು ಬಹುಮಟ್ಟಿಗೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇಲ್ಲವೇ ನಗರ ಮೂಲಸೌಕರ್ಯ ಅಭಿವೃದ್ಧಿ ಹಣಕಾಸು ನಿಗಮ. ಕಟ್ಟಿದ್ದನ್ನು ನಡೆಸುವ ಖರ್ಚು, ನೀರು ಮಿತಿಯೊಳಗೆ ಬರದಿದ್ದರೆ ಬೀಳುವ ದಂಡ, ಜನರ ಬೈಗುಳ ಇವಿಷ್ಟೂ ಬರುವುದು ಸ್ಥಳೀಯ ಸಂಸ್ಥೆಯ ಪಾಲಿಗೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಂಥ ಸಂಸ್ಥೆಗಳು ಈ ಮಿತಿಗಳ ಬಗ್ಗೆ ಏಕೆ ಆತಂಕಪಡುತ್ತವೆ ಎಂಬುದು ಈ ಹಂಚಿಕೆಯಲ್ಲೇ ಅರ್ಧ ತಿಳಿಯುತ್ತದೆ. ಉಳಿದರ್ಧ ಅಂಕಿಗಳು ಬದಲಾದ ಬಗೆಯಲ್ಲಿದೆ.

ಪರಿಸರ ಸಂರಕ್ಷಣಾ ನಿಯಮಗಳಿಗೆ 1993ರಲ್ಲಿ ಸೇರಿದ ಆರನೆಯ ಅನುಸೂಚಿಯು ಹಳ್ಳ-ನದಿಗಳಿಗೆ ಬಿಡುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಎಂಜಿನಿಯರುಗಳು ಬಿಒಡಿ ಎನ್ನುವ ಅಳತೆ, ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂದಿತು. ಅದೇ ನೀರನ್ನು ನೀರಾವರಿಗೆಂದು ಭೂಮಿಗೆ ಬಿಟ್ಟರೆ ಮಿತಿ 100. 2015ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಕರಡು ಅಧಿಸೂಚನೆ ಬಿಒಡಿಯನ್ನು 10ಕ್ಕೆ ಇಳಿಸಿ, ಸಾರಜನಕಕ್ಕೂ ಮಿತಿ ಹಾಕಲು ಹೊರಟಿತು. 2017ರ ಅಕ್ಟೋಬರ್ 13ರಂದು ಅಂತಿಮ ಅಧಿಸೂಚನೆ ಬಂದಾಗ ಬಿಗಿ ಸಡಿಲವಾಗಿತ್ತು. ಮೆಟ್ರೋ ನಗರಗಳಿಗೆ 20, ಉಳಿದ ಊರುಗಳಿಗೆ ಮತ್ತೆ 30. ಸಾರಜನಕ, ರಂಜಕಗಳ ಮಾತೇ ಇರಲಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಜ್ಞರ ಸಮಿತಿಯ ವರದಿ ತರಿಸಿಕೊಂಡಿತು. ಸಮಿತಿ ಊರಿನ ಗಾತ್ರಕ್ಕೆ ತಕ್ಕಂತೆ ಮೆಟ್ಟಿಲು ಹಾಕಿತ್ತು: ಹತ್ತು ಲಕ್ಷ ದಾಟಿದ ನಗರಗಳಿಗೆ 10, ಒಂದು ಲಕ್ಷ ದಾಟಿದವಕ್ಕೆ 20, ಸಣ್ಣ ಊರುಗಳಿಗೆ 30. ಹಳೆಯ ಘಟಕಗಳಿಗೆ ಏಳು ವರ್ಷದ ಕಾಲಾವಕಾಶವನ್ನೂ ಕೇಳಿತ್ತು. ನ್ಯಾಯಮಂಡಳಿ 2019ರ ಏಪ್ರಿಲ್ 30ರ ಆದೇಶದಲ್ಲಿ ಮೆಟ್ಟಿಲುಗಳನ್ನೂ ಕಾಲಾವಕಾಶವನ್ನೂ ತೆಗೆದುಹಾಕಿ, ದೊಡ್ಡ ನಗರಗಳ ಮಿತಿಯೇ ದೇಶಕ್ಕೆಲ್ಲ ಅನ್ವಯ ಎಂದಿತು. ಬಿಒಡಿ 10, ನೀರಿನಲ್ಲಿ ತೇಲಾಡುವ ಘನಕಣ 20, ರಾಸಾಯನಿಕ ಆಮ್ಲಜನಕ ಬೇಡಿಕೆ 50, ಒಟ್ಟು ಸಾರಜನಕ 10, ಕೆರೆಗಳಿಗೆ ಬಿಡುವುದಾದರೆ ರಂಜಕ 1 ಮಿಲಿಗ್ರಾಂ. ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 230ರೊಳಗೆ.

2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿನಗರದ ಜನಸಂಖ್ಯೆ ಸುಮಾರು 9.43 ಲಕ್ಷ. ಅಂದರೆ ಹತ್ತು ಲಕ್ಷದ ಗೆರೆಗೆ ತುಸು ಕೆಳಗೆ. ಹುಬ್ಬಳ್ಳಿ-ಧಾರವಾಡಕ್ಕೆ 1993ರ ಪಟ್ಟಿಯಲ್ಲಿ 30, 2015ರ ಕರಡಿನಲ್ಲಿ 10, 2017ರ ಅಧಿಸೂಚನೆಯಲ್ಲಿ 30, ತಜ್ಞರ ಸಮಿತಿಯ ಲೆಕ್ಕದಲ್ಲಿ 20, ನ್ಯಾಯಮಂಡಳಿಯ ಆದೇಶದಲ್ಲಿ 10. ಘಟಕವೊಂದರ ನಕ್ಷೆ, ಸಾಲ, ಟೆಂಡರು, ನಿರ್ಮಾಣ ಇಷ್ಟಕ್ಕೇ ನಾಲ್ಕೈದು ವರ್ಷ ಬೇಕು. ಕಟ್ಟಿದ ಮೇಲೆ ಅದು ದಶಕಗಳ ಕಾಲ ದುಡಿಯಬೇಕು. ನಾಲ್ಕು ವರ್ಷದಲ್ಲಿ ಮೂರು ಸಲ ಮಿತಿ ಕದಲಿದರೆ ಯಾವ ಅಂಕಿಗೆ ನಕ್ಷೆ ಹಾಕಿಸಬೇಕೆಂಬುದೇ ತಿಳಿಯದಾಗುತ್ತದೆ. ಪಾಲಿಕೆಗಳ ಈ ದೂರನ್ನು ನೆಪವೆಂದು ತಳ್ಳಿಹಾಕುವುದು ಸರಿಯಲ್ಲ.

ಹಾಗೆಂದು 30 ಸಾಕಿತ್ತು ಎನ್ನಲೂ ಬಾರದು. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಭಾರತದ ಪ್ರಯೋಗಾಲಯಗಳಲ್ಲಿ ಇದನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಊರಿನ ಹಸಿ ಕೊಳಚೆಯಲ್ಲಿ ಇದು ಸಾಮಾನ್ಯವಾಗಿ 200ರಿಂದ 300ರವರೆಗೆ ಇರುತ್ತದೆ. ಅದೇ ಉಷ್ಣತೆಯಲ್ಲಿ ಒಂದು ಲೀಟರ್ ಚೊಕ್ಕ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಹಾಗಾಗಿ 30 ಬಿಒಡಿಯ ನೀರು ಹಳ್ಳ ಸೇರಿದರೆ, ಅದನ್ನು ತೆಳುವಾಗಿಸುವಷ್ಟು ಬೇರೆ ನೀರು ಅಲ್ಲಿ ಹರಿಯುತ್ತಿರಬೇಕು. ಮಿತಿಗಳ ಮೂಲದಲ್ಲಿಯೇ ಈ ಶರತ್ತಿತ್ತು. ಬ್ರಿಟನ್ನಿನ ಕೊಳಚೆ ವಿಲೇವಾರಿ ಕುರಿತ ರಾಯಲ್ ಕಮಿಷನ್ 1912ರಲ್ಲಿ ಬಿಒಡಿ 20, ಘನಕಣ 30 ಎಂಬ ಹೆಸರಾಂತ ಅಳತೆಯನ್ನು ಕೊಟ್ಟಾಗ, ಸೇರುವ ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಚೊಕ್ಕ ನೀರು ಇರಬೇಕೆಂದು ಊಹಿಸಿತ್ತು. ಹುಬ್ಬಳ್ಳಿಯ ಕೊಳಚೆ ಸೇರುವ ನಾಲಾದಲ್ಲಿ ಮಳೆಗಾಲ ಮುಗಿದ ಮೇಲೆ ಎಂಟು ಪಟ್ಟು ಹೋಗಲಿ, ಒಂದು ಪಟ್ಟೂ ಬೇರೆ ನೀರಿಲ್ಲ. ಬೇಸಿಗೆಯಲ್ಲಿ ಅಲ್ಲಿ ಹರಿಯುವುದು ಊರು ಬಿಟ್ಟ ನೀರು ಮಾತ್ರ. ಬಿಗಿಯಾದ ಮಿತಿಯ ಪರವಾಗಿ ಇರುವ ಅತಿ ಗಟ್ಟಿ ವಾದ ಇದು. ಚರ್ಚೆಗಳಲ್ಲಿ ಮಾತ್ರ ಇದು ಅಷ್ಟಾಗಿ ಕೇಳಿಬರುವುದಿಲ್ಲ.

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಅವಳಿನಗರ ಕುಳಿತಿರುವುದು ಎರಡು ಕಡಲುಗಳ ನೀರು ಬೇರೆಯಾಗುವ ದಿಬ್ಬದ ಮೇಲೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಸಾಗಿ ಬೇಡ್ತಿಯನ್ನು ಕೂಡಿಕೊಂಡು ಉತ್ತರ ಕನ್ನಡದ ಕಾಡು ಹಾದು ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಹುಬ್ಬಳ್ಳಿಯ ಕೊಳಚೆಯ ದಾರಿ ಪೂರ್ವಕ್ಕೆ. ಉಣಕಲ್ ಕೆರೆಯ ಕೋಡಿಯಿಂದ ಹೊರಟ ನಾಲಾ ಊರ ನಡುವೆ ಹಾದು, ಬಿಡನಾಳ, ಗಬ್ಬೂರುಗಳ ಕಡೆಗೆ ಇಳಿದು, ಮುಂದೆ ಬೆಣ್ಣಿಹಳ್ಳವನ್ನು ಮುಟ್ಟುತ್ತದೆ. ಬೆಣ್ಣಿಹಳ್ಳ ನವಲಗುಂದದ ಎರೆಭೂಮಿಯನ್ನು ದಾಟಿ ರೋಣ ತಾಲೂಕಿನಲ್ಲಿ ಮಲಪ್ರಭೆಗೆ ಸೇರುತ್ತದೆ. ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅವಳಿನಗರ ಕುಡಿಯುವುದೂ ಮಲಪ್ರಭೆಯನ್ನೇ. ಸವದತ್ತಿಯ ನವಿಲುತೀರ್ಥದ ಜಲಾಶಯದಿಂದ ಎತ್ತಿದ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಊರಿಗೆ ಬರುತ್ತದೆ. ಜಲಾಶಯ ಇರುವುದು ಬೆಣ್ಣಿಹಳ್ಳ ಸೇರುವ ಜಾಗಕ್ಕಿಂತ ಎಷ್ಟೋ ಮೇಲೆ. ತಾನು ಬಿಟ್ಟ ನೀರನ್ನು ಈ ಊರು ತಾನೇ ಕುಡಿಯಬೇಕಾಗಿಲ್ಲ, ಅದರ ಭಾರವನ್ನೆಲ್ಲ ಹೊರುವುದು ಕೆಳಗಿನ ಹಳ್ಳಿಗಳು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಲ್ಲಿ ಗುರುತಿಸಿದ 351 ಮಲಿನ ನದಿಪಾತ್ರಗಳಲ್ಲಿ ಕರ್ನಾಟಕದವು 17, ಮಲಪ್ರಭೆಯೂ ಅವುಗಳಲ್ಲಿ ಒಂದಾಗಿತ್ತು.

ಇನ್ನು 30ನ್ನು 10ಕ್ಕೆ ಇಳಿಸುವುದೆಂದರೆ ಏನು ಎಂಬುದು. ಹಸಿ ಕೊಳಚೆಯಿಂದ 30ರವರೆಗೆ ಬರುವುದು ಹಳೆಯ, ಪಳಗಿದ ಕೆಲಸ. ದೊಡ್ಡ ತೊಟ್ಟಿಯಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವು ಕೊಳೆಯನ್ನು ತಿಂದ ಮೇಲೆ ಕೆಸರನ್ನು ತಳಕ್ಕಿಳಿಸುವ ಈ ಕ್ರಮವನ್ನು ಮ್ಯಾಂಚೆಸ್ಟರಿನಲ್ಲಿ 1914ರಲ್ಲೇ ತೋರಿಸಿಕೊಟ್ಟಿದ್ದರು. 10ಕ್ಕೆ ಇಳಿಯಬೇಕಾದರೆ ಕೊನೆಯಲ್ಲಿ ಮರಳಿನ ಇಲ್ಲವೇ ಬಟ್ಟೆಯ ಸೋಸುಕ, ಹೆಚ್ಚು ಹೊತ್ತಿನ ಗಾಳಿ, ಕೆಸರಿನ ಮೇಲೆ ಎಡೆಬಿಡದ ನಿಗಾ ಬೇಕು. ಇಂಥ ಘಟಕದ ವಿದ್ಯುತ್ ಖರ್ಚಿನಲ್ಲಿ ಅರ್ಧದಷ್ಟು ಗಾಳಿ ಊದುವುದಕ್ಕೇ ಹೋಗುತ್ತದೆ, ಹೆಸ್ಕಾಂ ಬಿಲ್ಲು ಬರುವುದು ಪಾಲಿಕೆಗೆ. ಸಾರಜನಕದ ಮಿತಿ ಬಂದರಂತೂ ಯಂತ್ರದ ರಚನೆಯೇ ಬೇರೆಯಾಗಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಬಳಿಕ ಆ ನೈಟ್ರೇಟನ್ನು ಅನಿಲವಾಗಿಸಿ ಹೊರಹಾಕಲು ಅದೇ ನೀರನ್ನು ಗಾಳಿಯಿಲ್ಲದ ತೊಟ್ಟಿಯೊಂದರಲ್ಲಿ ನಿಲ್ಲಿಸಬೇಕು. ಹಳೆಯ ಘಟಕದಲ್ಲಿ ಆ ತೊಟ್ಟಿಗೆ ಜಾಗವೇ ಇಲ್ಲದಿರಬಹುದು.

ಈ ಮಿತಿಗಳು ಒಂದರ ಕೈ ಇನ್ನೊಂದು ಹಿಡಿದಿರುವುದೂ ಗಮನಿಸಬೇಕಾದ ಸಂಗತಿ. ಕೋಲಿಫಾರ್ಮ್ ಇಳಿಸಲು ಕ್ಲೋರಿನ್ ಹಾಕಿದರೆ, ನೀರಿನಲ್ಲಿ ಉಳಿದ ಅಮೋನಿಯಾ ಆ ಕ್ಲೋರಿನ್ನನ್ನು ಹಿಡಿದು ಅದರ ಕೊಲ್ಲುವ ಶಕ್ತಿಯನ್ನು ತಗ್ಗಿಸುತ್ತದೆ. ನೇರಳಾತೀತ ಬೆಳಕು ಬಳಸಿದರೆ ಘನಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಬಿಡುತ್ತವೆ. ರೋಗಾಣುವಿನ ಮಿತಿಯನ್ನು ಮುಟ್ಟಬೇಕೆಂದರೆ ಅಮೋನಿಯಾ, ಘನಕಣ ಎರಡನ್ನೂ ಮೊದಲು ಇಳಿಸಿರಬೇಕು. ಪಟ್ಟಿಯಲ್ಲಿನ ಒಂದು ಅಂಕಿಯನ್ನು ಮಾತ್ರ ಸಡಿಲಿಸಿ ಎಂದು ಕೇಳುವ ಪಾಲಿಕೆಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಆದರೆ ಹುಬ್ಬಳ್ಳಿಯಂಥ ಊರಿನಲ್ಲಿ ಹಳ್ಳದ ಸ್ಥಿತಿಯನ್ನು ನಿರ್ಧರಿಸುವುದು ಘಟಕದ ಹೊರಬಾಯಿಯ ಅಂಕಿಗಿಂತ ಹೆಚ್ಚಾಗಿ ಘಟಕಕ್ಕೆ ಬರದೇ ಹೋಗುವ ಕೊಳಚೆ. ಒಂದು ಊಹೆಯ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಊರಿನಲ್ಲಿ 100 ಲೀಟರ್ ಕೊಳಚೆ ಹುಟ್ಟುತ್ತದೆ, ಅದರ ಬಿಒಡಿ 250 ಎಂದುಕೊಳ್ಳೋಣ. ಒಳಚರಂಡಿಯ ಮೂಲಕ 60 ಲೀಟರ್ ಘಟಕ ಸೇರಿ 30ಕ್ಕೆ ಶುದ್ಧವಾಗುತ್ತದೆ. ಉಳಿದ 40 ಲೀಟರ್ ನೇರ ನಾಲಾಕ್ಕೆ ಬೀಳುತ್ತದೆ. ಎರಡೂ ಬೆರೆತ ಮೇಲೆ ನಾಲಾದ ಬಿಒಡಿ 118. ಈಗ ಕೋಟಿಗಟ್ಟಲೆ ಹಣ ಸುರಿದು ಘಟಕದ ನೀರನ್ನು 30ರಿಂದ 10ಕ್ಕೆ ಇಳಿಸಿದರೆ ನಾಲಾದ ಅಂಕಿ 106ಕ್ಕೆ ಬರುತ್ತದೆ. ಅದರ ಬದಲು ಘಟಕವನ್ನು 30ರಲ್ಲೇ ಬಿಟ್ಟು, ಮನೆಗಳ ಸಂಪರ್ಕ ಹೆಚ್ಚಿಸಿ 90 ಲೀಟರ್ ಘಟಕಕ್ಕೆ ಬರುವಂತೆ ಮಾಡಿದರೆ ಅದು 52ಕ್ಕೆ ಇಳಿಯುತ್ತದೆ. ಎರಡನೆಯ ದಾರಿ ಕಷ್ಟದ್ದು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಕೊಳವೆ ಹಾಕಬೇಕು, ಹೊಸ ಬಡಾವಣೆಗಳ ಒಳಚರಂಡಿಯನ್ನು ಮುಖ್ಯ ಕೊಳವೆಗೆ ಜೋಡಿಸಬೇಕು, ಮಳೆನೀರಿನ ಗಟಾರಕ್ಕೆ ಶೌಚಾಲಯದ ಪೈಪು ತಿರುಗಿಸಿದವರನ್ನು ಹುಡುಕಬೇಕು, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಗಳು ರಾತ್ರಿ ನಾಲಾಕ್ಕೆ ಸುರಿಯದಂತೆ ಕಾಯಬೇಕು. ಘಟಕದ ಉದ್ಘಾಟನೆಗೆ ಸಿಗುವ ಗಮನ ಈ ಕೆಲಸಕ್ಕೆ ಸಿಗುವುದಿಲ್ಲ. ಆದರೂ ಹಳ್ಳಕ್ಕೆ ನಿಜವಾದ ಲಾಭ ಇರುವುದು ಇಲ್ಲೇ.

ಅವಳಿನಗರದ ಗಾತ್ರಕ್ಕೆ ಈ ಲೆಕ್ಕವನ್ನು ಹಾಕಿದರೆ ಅಂತರ ಕಣ್ಣಿಗೆ ಕಾಣುತ್ತದೆ. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು, ಅದರಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ವಾಡಿಕೆಯ ಅಳತೆ. 2011ರ ಜನಸಂಖ್ಯೆಗೇ ಈ ಪ್ರಕಾರ ದಿನಕ್ಕೆ ಹತ್ತು ಕೋಟಿ ಲೀಟರ್ ಕೊಳಚೆ ಹುಟ್ಟಬೇಕು. ಗಬ್ಬೂರಿನ ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ ನಾಲ್ಕು ಕೋಟಿ ಲೀಟರ್. ನೀರು ಸರಬರಾಜು ಸುಧಾರಿಸಿದಂತೆಲ್ಲ ಕೊಳಚೆಯೂ ಏರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನಿಂದ ಕೆಲವು ವಾರ್ಡುಗಳಲ್ಲಿ ಆರಂಭವಾದ ದಿನದ 24 ಗಂಟೆಯ ನೀರಿನ ಯೋಜನೆಯನ್ನು ಇಡೀ ಅವಳಿನಗರಕ್ಕೆ ಹಬ್ಬಿಸುವ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ವಾರಕ್ಕೊಮ್ಮೆ ನಲ್ಲಿ ನೀರು ಬರುತ್ತಿದ್ದ ಮನೆಗೆ ದಿನವೂ ನೀರು ಬಂದರೆ ಅದು ದೊಡ್ಡ ನೆಮ್ಮದಿ. ಆ ನೆಮ್ಮದಿಯ ಇನ್ನೊಂದು ತುದಿ ಒಳಚರಂಡಿಯಲ್ಲಿದೆ.

ಇಷ್ಟರ ಮೇಲೂ ಹುಬ್ಬಳ್ಳಿ-ಧಾರವಾಡದ ಪ್ರಕರಣಕ್ಕೆ ಬೇರೆ ಊರುಗಳಲ್ಲಿ ಅಷ್ಟಾಗಿ ಕಾಣದ ಒಂದು ಮುಖವಿದೆ. ಇಲ್ಲಿನ ಕೊಳಚೆ ನದಿ ಸೇರುವ ಮೊದಲೇ ಹೊಲ ಸೇರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಸಂಶೋಧಕರು ಜೊತೆಗೂಡಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿವರವಾಗಿ ದಾಖಲಿಸಿದೆ. ಹುಬ್ಬಳ್ಳಿಯ ಕೆಳಗಿನ ಬಿಡನಾಳ, ಕಟ್ನೂರು, ಧಾರವಾಡದ ಮಡಿಹಾಳ ಮುಂತಾದ ಕಡೆ ರೈತರು ನಾಲಾಕ್ಕೆ ಪಂಪು ಇಟ್ಟು ನೀರೆತ್ತಿ ಬೆಳೆ ತೆಗೆಯುತ್ತಿದ್ದರು. ಊರಿಗೆ ಹತ್ತಿರದ ಹೊಲಗಳಲ್ಲಿ ವರ್ಷವಿಡೀ ತರಕಾರಿ, ದೂರ ಹೋದಂತೆ ಹೊಲದ ಬೆಳೆ, ಅದರಾಚೆ ಚಿಕ್ಕು, ಪೇರಲ, ತೆಂಗಿನಂಥ ಗಿಡಗಳು. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಬೇಸಿಗೆಯಲ್ಲೂ ಬತ್ತದ ನೀರು ಎಂದರೆ ಗಟಾರದ ನೀರು ಒಂದೇ. ಅದು ಹಲವು ಕುಟುಂಬಗಳನ್ನು ಬರಗಾಲದಲ್ಲಿ ಉಳಿಸಿದೆ. ಅದೇ ಅಧ್ಯಯನ ಅದರ ಬೆಲೆಯನ್ನೂ ಬರೆದಿಟ್ಟಿದೆ: ಮಿತಿಮೀರಿದ ಕಳೆ, ಹೆಚ್ಚಿದ ಕೀಟಬಾಧೆ, ಅದಕ್ಕೆ ಲಗಾಮಿಲ್ಲದೆ ಹೊಡೆದ ಕೀಟನಾಶಕ, ಬರಿಗಾಲಲ್ಲಿ ಕೆಸರಿಗಿಳಿದು ದುಡಿಯುವವರ ಆರೋಗ್ಯ, ನೀರಿನೊಂದಿಗೆ ಹೊಲಕ್ಕೆ ತೇಲಿಬಂದ ಆಸ್ಪತ್ರೆಯ ಸೂಜಿ-ಸಿರಿಂಜುಗಳು. ಕಳೆ ಕೀಳುವ ಕೆಲಸ ಬಹುಪಾಲು ಹೆಂಗಸರದು. ಅಪಾಯದ ಹೆಚ್ಚಿನ ಪಾಲೂ ಅವರದೇ.

ಹೊಲವನ್ನು ಮುಂದಿಟ್ಟುಕೊಂಡು ನೋಡಿದಾಗ ಮಿತಿಪಟ್ಟಿಯ ಅಂಕಿಗಳ ತೂಕ ಬದಲಾಗುತ್ತದೆ. ಸಾರಜನಕವನ್ನೇ ತೆಗೆದುಕೊಳ್ಳಬಹುದು. ನದಿ-ಕೆರೆಗಳಿಗೆ ಅದು ಪಾಚಿ, ಅಂತರಗಂಗೆ ಬೆಳೆಸುವ ಪಿಡುಗು. ಉಣಕಲ್ ಕೆರೆಯ ಮೇಲೆ ಆಗಾಗ ಹಬ್ಬುವ ಹಸಿರು ಹಾಸಿಗೆಯೇ ಅದಕ್ಕೆ ಸಾಕ್ಷಿ. ಬೆಳೆಗೆ ಅದು ಗೊಬ್ಬರ. ಒಂದು ಎಕರೆಗೆ ಒಂದು ಹಂಗಾಮಿನಲ್ಲಿ 500 ಮಿಲಿಮೀಟರ್ ನೀರು ಹಾಯಿಸಿದರೆ ಸುಮಾರು 20 ಲಕ್ಷ ಲೀಟರ್ ಆಗುತ್ತದೆ. ಅದರಲ್ಲಿ ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಇದ್ದರೆ ಹೊಲಕ್ಕೆ ಬೀಳುವುದು 80 ಕಿಲೋ. ಸುಮಾರು ನಾಲ್ಕು ಚೀಲ ಯೂರಿಯಾಕ್ಕೆ ಸಮ. ಮಿತಿಯಂತೆ 10 ಮಿಲಿಗ್ರಾಂ ಆದರೆ ಒಂದು ಚೀಲದಷ್ಟು. ನಾಲ್ಕು ಚೀಲ ಹಲವು ಬೆಳೆಗಳಿಗೆ ಅತಿಯಾಯಿತು. ಪೈರು ಸೊಕ್ಕಿ ಎಲೆ ತುಂಬುತ್ತದೆ, ಕಾಳು ಕಟ್ಟುವುದಿಲ್ಲ, ಹುಳ ಬೀಳುತ್ತದೆ. ಆದರೂ ಹೊಲಕ್ಕೆ ಹೋಗುವುದು ಖಚಿತವಾದ ನೀರಿನಿಂದ ವಿದ್ಯುತ್ ಸುರಿದು ಸಾರಜನಕ ತೆಗೆದು, ಆಮೇಲೆ ರೈತ ಅಂಗಡಿಯಿಂದ ಯೂರಿಯಾ ತಂದು ಹಾಕುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ. ಸಾರಜನಕದ ಮಿತಿಯ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳ ಆಕ್ಷೇಪ ಅತ್ಯಂತ ಬಲವಾಗಿರುವುದು ಇಲ್ಲಿ.

ರೋಗಾಣುವಿನ ಮಿತಿಯ ಕತೆ ಇದಕ್ಕೆ ತಿರುಗುಮುರುಗು. ಹಸಿ ಕೊಳಚೆಯ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಕೋಟಿಯ ಲೆಕ್ಕದಲ್ಲಿರುತ್ತವೆ. 230ರ ಮಾತಿರಲಿ, ಕೋಟಿಯಿಂದ ಸಾವಿರಕ್ಕೆ ಇಳಿಸುವುದೆಂದರೂ ಹತ್ತು ಸಾವಿರಕ್ಕೆ ಒಂದನ್ನು ಮಾತ್ರ ಉಳಿಸಬೇಕು. ಬರೀ ಗಾಳಿ ಊದಿ ಕೆಸರು ಇಳಿಸುವ ಘಟಕದಿಂದ ಇದು ಆಗದು, ಕೊನೆಗೆ ಸೋಂಕು ನಿವಾರಣೆಯ ಹಂತ ಇರಲೇಬೇಕು. ಹಸಿಯಾಗಿ ತಿನ್ನುವ ಬೆಳೆಗೆ ಸಾವಿರದ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಸೂಚಿಸಿತ್ತು. ಅದರ ಜೊತೆಗೆ ಇನ್ನೊಂದು ಅಳತೆಯನ್ನೂ ಕೊಟ್ಟಿತ್ತು: ಲೀಟರಿಗೆ ಒಂದಕ್ಕಿಂತ ಹೆಚ್ಚು ಕರುಳಿನ ಹುಳದ ಮೊಟ್ಟೆ ಇರಬಾರದು. ಜಂತುಹುಳ, ಕೊಕ್ಕೆಹುಳಗಳ ಮೊಟ್ಟೆಗಳು ಮಣ್ಣಿನಲ್ಲಿ ಬಹುಕಾಲ ಬದುಕುತ್ತವೆ, ಕ್ಲೋರಿನ್ನಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಬರಿಗಾಲಲ್ಲಿ ಹೊಲಕ್ಕಿಳಿಯುವವರಿಗೆ ನೇರವಾದ ಅಪಾಯ ಇವುಗಳಿಂದ. ಆದರೆ 2017ರ ಅಧಿಸೂಚನೆಯಲ್ಲಾಗಲಿ 2019ರ ಆದೇಶದ ಪಟ್ಟಿಯಲ್ಲಾಗಲಿ ಹುಳದ ಮೊಟ್ಟೆಯ ಹೆಸರಿಲ್ಲ. ಬಿಡನಾಳದ ಮೆಂತ್ಯೆ-ಕೊತ್ತಂಬರಿಯ ಮಡಿಗಳಿಗೆ ಎಲ್ಲಕ್ಕಿಂತ ಮುಖ್ಯವಾದ ಮಿತಿ ಪಟ್ಟಿಯಲ್ಲೇ ಇಲ್ಲ ಎನ್ನುವುದು ಬಹಳ ದೊಡ್ಡ ಲೋಪ.

ವಿಶ್ವ ಆರೋಗ್ಯ ಸಂಸ್ಥೆಯೇ 2006ರಲ್ಲಿ ತನ್ನ ಧೋರಣೆಯನ್ನು ತಿದ್ದಿಕೊಂಡಿತು. ಎಲ್ಲ ರಕ್ಷಣೆಯೂ ಘಟಕದಲ್ಲೇ ಆಗಬೇಕಾಗಿಲ್ಲ. ಹನಿ ನೀರಾವರಿ, ಕೊಯ್ಲಿಗೆ ಕೆಲವು ದಿನ ಮೊದಲು ನೀರು ನಿಲ್ಲಿಸುವುದು, ಚೊಕ್ಕ ನೀರಿನಲ್ಲಿ ತೊಳೆಯುವುದು, ಬೇಯಿಸುವುದು ಹೀಗೆ ಹಲವು ತಡೆಗಳು ಸೇರಿ ಅಪಾಯವನ್ನು ಇಳಿಸಬಲ್ಲವು ಎಂದಿತು. ಹಣವಿಲ್ಲದ ಪಾಲಿಕೆಗೆ ಇದು ಆಸರೆಯ ಮಾತು. ಆದರೆ ಈ ದಾರಿ ಹಿಡಿದರೆ ಪಾಲಿಕೆಯ ಹೊಣೆ ಘಟಕದ ಗೇಟಿಗೆ ಮುಗಿಯುವುದಿಲ್ಲ. ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಜೊತೆ ಹೊಲದವರೆಗೂ ಹೋಗಬೇಕಾಗುತ್ತದೆ.

ಎರೆಮಣ್ಣಿನ ಈ ಸೀಮೆಗೆ ಇನ್ನೊಂದು ಅಳತೆಯೂ ಬೇಕು. ಕೊಳಚೆ ನೀರಿನಲ್ಲಿ ಉಪ್ಪಿನಂಶ ಕುಡಿಯುವ ನೀರಿಗಿಂತ ಹೆಚ್ಚಿರುತ್ತದೆ. ಗಾಳಿ ಊದುವುದರಿಂದಾಗಲಿ, ಸೋಸುವುದರಿಂದಾಗಲಿ ಅದು ಹೋಗುವುದಿಲ್ಲ. ನೀರು ಸುಲಭಕ್ಕೆ ಬಸಿಯದ ಎರೆಯಲ್ಲಿ ವರ್ಷಗಟ್ಟಲೆ ಇಂಥ ನೀರು ನಿಂತರೆ ಭೂಮಿ ಸವಳಾಗುತ್ತದೆ. ಬೆಣ್ಣಿಹಳ್ಳದ ನೀರು ಮೊದಲೇ ಉಪ್ಪು. ಮಲಪ್ರಭೆ ಅಚ್ಚುಕಟ್ಟಿನ ರೈತರಿಗೆ ಸವಳು-ಜವಳಿನ ಪಾಡು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀರಾವರಿಗೆ ಯೋಗ್ಯವಾದ ನೀರಿನ ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 2250 ಮೈಕ್ರೋಸೀಮೆನ್ಸ್ ದಾಟಬಾರದು, ಸೋಡಿಯಂ ಮತ್ತು ಬೋರಾನ್ ಇಂತಿಷ್ಟರೊಳಗಿರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಲಮೂಲ ವರ್ಗೀಕರಣದಲ್ಲಿ ಇದೆ. ಘಟಕದಿಂದ ಹೊರಬರುವ ನೀರಿನ ಮಿತಿಪಟ್ಟಿಗೆ ಅದು ಬಂದಿಲ್ಲ. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳು ನಗರಕ್ಕೆ ಅಂಟಿಕೊಂಡೇ ಇರುವುದರಿಂದ ಕಾರ್ಖಾನೆಯ ನೀರು ಒಳಚರಂಡಿಗೆ ನುಸುಳದಂತೆ ನೋಡಿಕೊಳ್ಳುವುದೂ ಇದೇ ಮಾತಿಗೆ ಸೇರಿದ್ದು. ಮನೆಗಳ ಕೊಳಚೆಗೆಂದು ಕಟ್ಟಿದ ಘಟಕದ ಸೂಕ್ಷ್ಮಜೀವಿಗಳು ಆಮ್ಲ, ಎಣ್ಣೆ, ಲೋಹಗಳ ಒಂದೇ ಏಟಿಗೆ ಸತ್ತುಹೋಗುತ್ತವೆ. ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಬೇಕು.

ಹೊಣೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಪರ್ಯಾವರಣ ಸುರಕ್ಷಾ ಸಮಿತಿಯ ಪ್ರಕರಣದಲ್ಲಿ 2017ರ ಫೆಬ್ರವರಿ 22ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಸಂವಿಧಾನದ 243ಡಬ್ಲ್ಯು ವಿಧಿ ಮತ್ತು ಹನ್ನೆರಡನೆಯ ಅನುಸೂಚಿಯನ್ನು ಉಲ್ಲೇಖಿಸಿ, ಹಣವಿಲ್ಲ ಎಂದು ಸ್ಥಳೀಯ ಸಂಸ್ಥೆಗಳು ಕೊಳಚೆ ಶುದ್ಧೀಕರಿಸುವ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ, ಬೇಕಿದ್ದರೆ ಫಲಾನುಭವಿಗಳಿಂದ ವಸೂಲು ಮಾಡಲಿ ಎಂದಿತು. ಅದನ್ನು ಆಧರಿಸಿ ಹಸಿರು ನ್ಯಾಯಮಂಡಳಿ 2019ರಲ್ಲಿ, ಗಡುವು ಮೀರಿದರೆ ತಿಂಗಳಿಗೆ ಲಕ್ಷಗಳ ಲೆಕ್ಕದಲ್ಲಿ ಪರಿಹಾರ ಕಟ್ಟಬೇಕೆಂದು ವಿಧಿಸಿತು. ಕಸ ಮತ್ತು ಕೊಳಚೆ ನಿರ್ವಹಣೆಯಲ್ಲಿನ ಲೋಪಕ್ಕಾಗಿ 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರದ ಮೇಲೆ 2,900 ಕೋಟಿ ರೂಪಾಯಿಯ ಪರಿಹಾರ ಹೊರಿಸಿತು. ಹೊಣೆ ಹೊರಿಸುವುದು ಸರಿ. ಆದರೆ ಪಾಲಿಕೆಯ ಕೈಯಲ್ಲಿರುವುದು ಆಸ್ತಿ ತೆರಿಗೆ, ನೀರು-ಒಳಚರಂಡಿ ಶುಲ್ಕ ಮತ್ತು ಮೇಲಿನಿಂದ ಬರುವ ಅನುದಾನ ಮಾತ್ರ. ಘಟಕ ಕಟ್ಟಲು ಯೋಜನೆಯ ಹಣ ಸಿಗುತ್ತದೆ, ನಡೆಸಲು ಸಿಗುವುದಿಲ್ಲ. ಬ್ಲೋವರ್ ಕೆಟ್ಟರೆ, ಪ್ರಯೋಗಾಲಯದಲ್ಲಿ ರಸಾಯನ ಮುಗಿದರೆ, ನುರಿತ ಆಪರೇಟರ್ ಬಿಟ್ಟುಹೋದರೆ 10ರ ಮಿತಿಗೆ ಕಟ್ಟಿದ ಘಟಕವೂ 30ಕ್ಕೆ, 60ಕ್ಕೆ ಏರುತ್ತದೆ.

ಬೇರೆ ದೇಶಗಳು ಈ ಗೋಜಲನ್ನು ಬಿಡಿಸಿಕೊಂಡ ಒಂದು ಬಗೆ ತಿಳಿದಿರುವುದು ಒಳ್ಳೆಯದು. ಐರೋಪ್ಯ ಒಕ್ಕೂಟ 1991ರಲ್ಲಿ ಮಾಡಿದ ನಗರ ಕೊಳಚೆಯ ನಿರ್ದೇಶನದಲ್ಲಿ ಬಿಒಡಿಗೆ ಎಲ್ಲೆಡೆ 25ರ ಮಿತಿ ಇಟ್ಟು, ಸಾರಜನಕ-ರಂಜಕಗಳ ಮಿತಿಯನ್ನು ಸೂಕ್ಷ್ಮವೆಂದು ಗುರುತಿಸಿದ ಜಲಮೂಲಗಳಿಗೆ ಮಾತ್ರ ಅನ್ವಯಿಸಿತು. ಅಮೆರಿಕದಲ್ಲಿ ಎರಡನೇ ಹಂತದ ಶುದ್ಧೀಕರಣಕ್ಕೆ ಬಿಒಡಿ 30 ಎಂಬುದು ತಳಮಟ್ಟ. ನೀರು ಸೇರುವ ನದಿಗೆ ಅದು ಸಾಲದಿದ್ದರೆ ಆ ಘಟಕದ ಪರವಾನಗಿಯಲ್ಲಿ ಬಿಗಿ ಹೆಚ್ಚುತ್ತದೆ. ಎರಡೂ ಕಡೆ ಪ್ರಶ್ನೆ ಊರೆಷ್ಟು ದೊಡ್ಡದು ಎಂಬಲ್ಲಿಗೆ ನಿಲ್ಲದೆ, ನೀರು ಎಲ್ಲಿಗೆ ಹೋಗುತ್ತದೆ ಎಂಬಲ್ಲಿಗೆ ಮುಟ್ಟುತ್ತದೆ. ಕರ್ನಾಟಕದಲ್ಲೂ ಈ ಪ್ರಶ್ನೆ ಕೋಲಾರದಲ್ಲಿ ಜೋರಾಗಿ ಎದ್ದಿತ್ತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಗಿ, ಕೆಲವೇ ವಾರಗಳಲ್ಲಿ ನೀರಿನಲ್ಲಿ ನೊರೆ ಕಾಣಿಸಿಕೊಂಡು ಹೈಕೋರ್ಟ್ ಅದಕ್ಕೆ ತಡೆ ನೀಡಿತ್ತು. ನೀರು ಮತ್ತೆ ಹರಿಯತೊಡಗಿದರೂ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂಬ ಅಲ್ಲಿನ ರೈತರ ಒತ್ತಾಯ ನಿಂತಿಲ್ಲ. ಕೆರೆಯ ನೀರು ಅಂತರ್ಜಲಕ್ಕೆ, ಅಲ್ಲಿಂದ ಕುಡಿಯುವ ಕೊಳವೆಬಾವಿಗೆ ಇಳಿಯುವುದರಿಂದ ಅವರ ಒತ್ತಾಯಕ್ಕೆ ಆಧಾರವಿದೆ.

ಹುಬ್ಬಳ್ಳಿ-ಧಾರವಾಡಕ್ಕೂ ನೀರು ಹೋಗುವ ಕಡೆಗೆ ತಕ್ಕಂತೆ ಮಿತಿ ಗೊತ್ತುಮಾಡುವುದು ಸಾಧ್ಯ. ಉಣಕಲ್, ಕೆಲಗೇರಿಯಂಥ ಕೆರೆಗಳಿಗೆ ಸೇರುವ ನೀರಿಗೆ ಸಾರಜನಕ, ರಂಜಕಗಳ ಬಿಗಿಯಾದ ಮಿತಿ ಇರಲೇಬೇಕು. ಕಾಡಿನ ನದಿಯ ಹುಟ್ಟಿನಲ್ಲೇ ಇರುವ ಶಾಲ್ಮಲೆಯ ಕಡೆಗೂ ಅಷ್ಟೇ ಬಿಗಿ ಬೇಕು. ಹೊಲಕ್ಕೆ ಹೋಗುವ ನೀರಿಗೆ ಸಾರಜನಕದಲ್ಲಿ ಸಡಿಲ ಕೊಟ್ಟು, ರೋಗಾಣು, ಹುಳದ ಮೊಟ್ಟೆ, ಉಪ್ಪುಗಳಲ್ಲಿ ಬಿಗಿ ಹಿಡಿಯಬೇಕು. ನಾಲಾಕ್ಕೆ ಬೀಳುವ ಹಸಿ ಕೊಳಚೆಗೆ ಮಾತ್ರ ಯಾವ ಸಡಿಲವೂ ಇರಬಾರದು. ಸ್ಮಾರ್ಟ್ ಸಿಟಿ ಯೋಜನೆಯಡಿ ಫ್ರೆಂಚ್ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಉಣಕಲ್ ನಾಲಾದ ದಂಡೆಯಲ್ಲಿ ಕೈಗೊಂಡ ಹಸಿರು ಸಂಚಾರ ಪಥದಲ್ಲಿ ಜನ ಮೂಗು ಮುಚ್ಚಿಕೊಳ್ಳದೆ ಓಡಾಡಬೇಕಾದರೂ, ಅಡ್ಡಲಾಗಿ ಬಂದು ಸೇರುವ ಗಟಾರಗಳ ಕೊಳಚೆಯನ್ನು ನಾಲಾಕ್ಕೆ ಬೀಳುವ ಮೊದಲೇ ಹಿಡಿದು ಕೊಳವೆಗೆ ತಿರುಗಿಸಿರಬೇಕು.

ಮಾದರಿ ತೆಗೆಯುವ ಜಾಗವೂ ಬದಲಾಗಬೇಕು. ಘಟಕದ ಹೊರಬಾಯಿಯಲ್ಲಿ ತೆಗೆದ ನೀರಿನ ಶೀಸೆ ಘಟಕ ಹೇಗಿದೆ ಎಂದು ಹೇಳುತ್ತದೆಯೇ ಹೊರತು ಹಳ್ಳ ಹೇಗಿದೆ ಎಂದಲ್ಲ. ಗಬ್ಬೂರಿನ ಕೆಳಗೆ, ಕಟ್ನೂರಿನ ಪಂಪುಗಳ ಬಳಿ, ಬೆಣ್ಣಿಹಳ್ಳ ಮಲಪ್ರಭೆಗೆ ಸೇರುವ ಮುನ್ನ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ತೆಗೆದ ಶೀಸೆಗಳ ಫಲಿತಾಂಶವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪಾಲಿಕೆಗೆ ಕೊಡುವ ಸಮ್ಮತಿ ಪತ್ರಕ್ಕೆ ಜೋಡಿಸಿ ಊರಿನವರಿಗೂ ಹಳ್ಳಿಯವರಿಗೂ ಕಾಣುವಂತೆ ಪ್ರಕಟಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1974ರ ಜಲ ಕಾಯ್ದೆಯಡಿ ಶರತ್ತು ಹಾಕುವ ಅಧಿಕಾರ ರಾಜ್ಯ ಮಂಡಳಿಗೆ ಈಗಾಗಲೇ ಇದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿರುವುದರಿಂದ, ಘಟಕ, ಕೊಳವೆ, ಸಾಲ, ಸಮ್ಮತಿ ಪತ್ರಗಳೆಲ್ಲ ಎರಡು ಸಂಸ್ಥೆಗಳ ನಡುವೆ ಹಂಚಿಹೋಗಬೇಕಾಗುತ್ತದೆ. ಯಾವ ಬಡಾವಣೆಯ ಕೊಳಚೆ ಯಾವ ಹಳ್ಳಕ್ಕೆ ಇಳಿಯುತ್ತದೆ, ಅದಕ್ಕೆ ಯಾವ ಪಾಲಿಕೆ ಹೊಣೆ ಎಂಬ ನಕ್ಷೆಯನ್ನು ಆ ಹಂಚಿಕೆಗೆ ಮೊದಲೇ ಬರೆದಿಟ್ಟುಕೊಳ್ಳಬೇಕು.